ಮಾತು ಕಮ್ಮಿ, ಯೋಚನೆ ಜಾಸ್ತಿ: ಇಂಥವರು ಮ್ಯಾನೇಜರ್ ಕೆಲಸದಲ್ಲಿ ಬಾಳುತ್ತಾರಾ?

ಕೆಂಗೇರಿ_ಮೌನಿ

ನಮಸ್ಕಾರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಕ್ ಲೀಡ್ ಆಗಿದ್ದೆ. ಹೋದ ವರ್ಷ ಮ್ಯಾನೇಜರ್ ಮಾಡಿದರು. ಹದಿನಾಲ್ಕು ಜನರ ಟೀಮ್. ಪರ್ಸನಾಲಿಟಿ ಟೆಸ್ಟ್ ತಗೊಂಡಾಗಲೆಲ್ಲ ಐಎನ್‌ಎಫ್‌ಜೆ ಅಂತ ಬರುತ್ತದೆ. ಅಂದರೆ ಅಂತರ್ಮುಖಿ. ಕಣ್ಣೆದುರಿನ ವಿವರಕ್ಕಿಂತ ಅದರ ಹಿಂದಿನ ಎಳೆ ಹಿಡಿಯುವವನು. ಜನರ ಮನಸ್ಸು ನೋಡಿ ತೀರ್ಮಾನ ಮಾಡುವವನು. ಎಲ್ಲವೂ ಮೊದಲೇ ಗೊತ್ತಾಗಿರಬೇಕು ಅನ್ನುವವನು.

ಒಬ್ಬೊಬ್ಬರ ಜೊತೆ ಕೂತು ಮಾತಾಡುವುದು ನನಗೆ ಇಷ್ಟ. ಯಾರು ಕೆಲಸ ಬಿಡುವ ಯೋಚನೆಯಲ್ಲಿದ್ದಾರೆ ಅಂತ ಅವರು ಹೇಳುವ ಮೊದಲೇ ಗೊತ್ತಾಗುತ್ತದೆ. ಸಾಫ್ಟ್‌ವೇರಿನ ಯಾವ ರಿಲೀಸ್ (ಹೊಸ ಆವೃತ್ತಿ) ತಡವಾಗುತ್ತದೆ ಅನ್ನುವ ವಾಸನೆಯೂ ಬೇಗ ಬರುತ್ತದೆ. ಕಷ್ಟ ಬೇರೆ ಕಡೆ ಇದೆ. ಹತ್ತು ಜನ ಸೇರಿದ ಮೀಟಿಂಗ್‌ನಲ್ಲಿ ನಾನು ಬಾಯಿ ತೆಗೆಯುವಷ್ಟರಲ್ಲಿ ವಿಷಯ ಮುಂದಕ್ಕೆ ಹೋಗಿರುತ್ತದೆ. ಸಂಜೆ ಅಮೆರಿಕದವರ ಕಾಲ್ ಶುರುವಾಗುವಾಗ ತಲೆ ಖಾಲಿ. ಅಪ್ರೈಸಲ್‌ನಲ್ಲಿ ನನ್ನ ಮೇಲಿನವರು ‘ವಿಸಿಬಿಲಿಟಿ ಸಾಲದು’, ಅಂದರೆ ನಾಲ್ಕು ಜನರ ಕಣ್ಣಿಗೆ ಬೀಳುವುದಿಲ್ಲ, ಅಂತ ಬರೆದಿದ್ದಾರೆ.

ಇಂಥ ಸ್ವಭಾವದವರು ಈ ಕೆಲಸದಲ್ಲಿ ನಿಂತು ಬಾಳಿದ್ದನ್ನು ಯಾರಾದರೂ ನೋಡಿದ್ದೀರಾ? ಅಥವಾ ವಾಪಸ್ ಕೋಡ್ ಬರೆಯುವುದೇ ವಾಸಿಯಾ? ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ’ ಅನ್ನುವ ಉತ್ತರ ಬೇಡ, ದಯವಿಟ್ಟು.

ಮಲ್ಲೇಶ್ವರದ_ಫಿಲ್ಟರ್

ಮೊದಲು ಆ ನಾಲ್ಕು ಅಕ್ಷರಗಳನ್ನು ಸ್ವಲ್ಪ ಪಕ್ಕಕ್ಕೆ ಇಡೋಣ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಬಗೆಗಳ ಮೇಲೆ ದೊಡ್ಡ ಪುಸ್ತಕ ಬರೆದರು. ಅಂತರ್ಮುಖಿ, ಬಹಿರ್ಮುಖಿ ಅನ್ನುವ ವಿಂಗಡಣೆ ಹೆಸರು ಮಾಡಿದ್ದು ಅಲ್ಲಿಂದ. ಅದನ್ನು ಓದಿ ತಲೆಗೆ ಹಚ್ಚಿಕೊಂಡವರು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಯಾರಿಗೆ ಯಾವ ಕೆಲಸ ಹೊಂದುತ್ತದೆ ಅಂತ ನೋಡಲು ಪ್ರಶ್ನೆಗಳನ್ನು ಬರೆಯತೊಡಗಿದರು. ಅದೇ ಮೈಯರ್ಸ್-ಬ್ರಿಗ್ಸ್ ಟೆಸ್ಟ್. 1962ರಲ್ಲಿ ಅದರ ಮೊದಲ ಕೈಪಿಡಿ ಬಂತು. ಹದಿನಾರು ಬಗೆ ಅನ್ನುವ ಲೆಕ್ಕ ಯೂಂಗ್ ಅವರದ್ದಲ್ಲ, ಈ ತಾಯಿ ಮಗಳದ್ದು.

ಈ ಟೆಸ್ಟ್ ನಡುವೆ ಗೆರೆ ಎಳೆದು ಜನರನ್ನು ಎರಡು ಗುಂಪು ಮಾಡುತ್ತದೆ. ನಿಜದಲ್ಲಿ ಹೆಚ್ಚಿನವರು ಆ ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ಅದಕ್ಕೇ ಐದು ವಾರ ಬಿಟ್ಟು ಮತ್ತೆ ಟೆಸ್ಟ್ ಕೊಟ್ಟರೆ ಹೆಚ್ಚುಕಡಿಮೆ ಅರ್ಧ ಜನರಿಗೆ ಒಂದಲ್ಲ ಒಂದು ಅಕ್ಷರ ಬದಲಾಗುತ್ತದೆ ಅಂತ ಟೀಕಾಕಾರರು ಹೇಳುತ್ತಾ ಬಂದಿದ್ದಾರೆ.

ಪೂರ್ತಿ ಬೊಗಳೆ ಅಂತಲೂ ಹೇಳಲಾರೆ. 1989ರಲ್ಲಿ ಮೆಕ್ರೇ ಮತ್ತು ಕೋಸ್ಟಾ ಅನ್ನುವ ಮನಶ್ಶಾಸ್ತ್ರಜ್ಞರಿಬ್ಬರೂ ಇದನ್ನು ಪರೀಕ್ಷೆ ಮಾಡಿದರು. ಈಗಿನ ಸಂಶೋಧಕರು ಬಳಸುವ ಐದು ಗುಣಗಳಿವೆ. ಅವುಗಳಲ್ಲಿ ನಾಲ್ಕಕ್ಕೆ ಈ ಅಕ್ಷರಗಳು ತಾಳೆಯಾದವು. ನಿಮ್ಮ ಐ (ಅಂತರ್ಮುಖಿ) ಮತ್ತು ಎನ್ (ಹಿಂದಿನ ಎಳೆ ಹಿಡಿಯುವುದು) ಎರಡೂ ಗಟ್ಟಿಯಾಗಿಯೇ ತಾಳೆಯಾದವು. ಐದನೆಯ ಗುಣ, ಅಂದರೆ ಬೇಗ ಆತಂಕಕ್ಕೆ ಬೀಳುವ ಸ್ವಭಾವ, ಈ ಟೆಸ್ಟ್‌ನಲ್ಲಿ ಇಲ್ಲವೇ ಇಲ್ಲ. ಮ್ಯಾನೇಜರ್ ಆದವರಿಗೆ ಮುಖ್ಯವಾಗಿ ಬೇಕಾದ ಪ್ರಶ್ನೆ ಅದೇ ಅಂತ ನನಗೆ ಅನ್ನಿಸುತ್ತದೆ. ನಿಮಗೆ ಮೀಟಿಂಗ್ ಅಂದರೆ ಸುಸ್ತಾ, ಭಯಾನಾ?

ಕೆಂಗೇರಿ_ಮೌನಿ

ಸುಸ್ತು. ಭಯ ಅಲ್ಲ. ಮುಂಚೆ ತಯಾರಿ ಮಾಡಿಕೊಂಡರೆ ಇನ್ನೂರು ಜನರ ಮುಂದೆ ನಿಂತು ಪ್ರೆಸೆಂಟೇಶನ್ ಕೊಡುತ್ತೇನೆ. ಅದೇ ದಿನ ಸಂಜೆ ಪಕ್ಕದವರು ‘ವೀಕೆಂಡ್ ಏನು ಪ್ಲಾನು’ ಅಂತ ಕೇಳಿದರೆ ಉತ್ತರ ಹೊಳೆಯುವುದಿಲ್ಲ.

ಶಿರಸಿಯವಳು

ನಾನು ಮ್ಯಾನೇಜರ್ ಅಲ್ಲ. ನಿಮ್ಮಂಥ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡಿದವಳು. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಯಾರೂ ಹೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮನುಷ್ಯ ಬಹಳ ಒಳ್ಳೆಯವರು. ಯಾರ ಮೇಲೂ ಕೂಗಾಡಿದವರಲ್ಲ. ನನ್ನ ಅಮ್ಮನಿಗೆ ಆಪರೇಷನ್ ಆದಾಗ ನಾನು ಕೇಳುವ ಮೊದಲೇ ಮನೆಯಿಂದ ಕೆಲಸ ಮಾಡಿ ಅಂದರು. ಆದರೆ ಅವರ ತಲೆಯಲ್ಲಿ ಏನು ಓಡುತ್ತಿದೆ ಅಂತ ನಮಗೆ ಒಂದು ದಿನವೂ ಗೊತ್ತಾಗುತ್ತಿರಲಿಲ್ಲ. ಶುಕ್ರವಾರ ಒಂದು ಪ್ಲಾನ್ ಇರುತ್ತಿತ್ತು. ಸೋಮವಾರ ಬೆಳಿಗ್ಗೆ ಬೇರೆ ಪ್ಲಾನ್, ಅದೂ ಪೂರ್ತಿ ತಯಾರಾಗಿ. ಶನಿವಾರ ಭಾನುವಾರ ಕೂತು ಎಲ್ಲಾ ಮಗ್ಗುಲಿಂದ ಯೋಚನೆ ಮಾಡಿರುತ್ತಿದ್ದರು ಅಂತ ಆಮೇಲೆ ತಿಳಿಯಿತು. ಹೆಚ್ಚಿನ ಸಲ ಅವರು ಹೇಳಿದ್ದೇ ಸರಿಯಾಗುತ್ತಿತ್ತು. ಹಾಗಿದ್ದರೂ ನಮಗೆ ಸಿಟ್ಟು ಬರುತ್ತಿತ್ತು. ಹಂತ ಬಿಟ್ಟು ಬರೀ ಉತ್ತರ ಬರೆದ ಲೆಕ್ಕಕ್ಕೆ ಮೇಷ್ಟ್ರು ಪೂರ್ತಿ ಅಂಕ ಕೊಡುವುದಿಲ್ಲ ಅಲ್ವಾ, ಹಾಗೆ.

ಇನ್ನೊಂದು. ನಾವು ಏನಾದರೂ ಹೇಳಿದಾಗ ಅವರು ‘ಹ್ಞೂಂ’ ಅಂದು ಸುಮ್ಮನಾಗುತ್ತಿದ್ದರು. ಅವರು ಯೋಚಿಸುತ್ತಿದ್ದರು ಅಷ್ಟೆ. ನಾವು ಏನೇನೋ ಅರ್ಥ ಮಾಡಿಕೊಳ್ಳುತ್ತಿದ್ದೆವು. ಒಬ್ಬ ಒಪ್ಪಿಗೆ ಸಿಕ್ಕಿತು ಅಂತ ಕೆಲಸ ಶುರು ಮಾಡಿಬಿಡುತ್ತಿದ್ದ. ಇನ್ನೊಬ್ಬಳು ಸಾಹೇಬರಿಗೆ ಕೋಪ ಬಂದಿದೆ ಅಂತ ಊಟ ಬಿಡುತ್ತಿದ್ದಳು. ಹೊರಗಿನವರು ಅವರನ್ನು ‘ಗುಮ್ಮನಗುಸ್ಕ’ ಅನ್ನುತ್ತಿದ್ದರು. ಅದು ಅನ್ಯಾಯ, ಆದರೆ ಯಾಕೆ ಅನ್ನುತ್ತಿದ್ದರು ಅಂತ ನನಗೆ ಅರ್ಥವಾಗುತ್ತದೆ.

ನೀವು ಜಾಸ್ತಿ ಮಾತಾಡಬೇಕಿಲ್ಲ. ‘ಇದನ್ನು ಇನ್ನೂ ಯೋಚಿಸುತ್ತಿದ್ದೇನೆ, ನಾಳೆ ಮಧ್ಯಾಹ್ನ ಹೇಳುತ್ತೇನೆ’ ಅನ್ನಿ ಸಾಕು. ಅಷ್ಟು ಹೇಳಿದ್ದರೆ ನಮ್ಮ ಟೀಮ್‌ನಲ್ಲಿ ಇಬ್ಬರು ಬಿಟ್ಟು ಹೋಗುತ್ತಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಕೆಂಗೇರಿ_ಮೌನಿ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. (ನೋಡಿ, ಮತ್ತೆ ಅದೇ.) ನಾಳೆಯಿಂದ ಆ ಒಂದು ವಾಕ್ಯ ಹೇಳುತ್ತೇನೆ.

ಹಳೇ_ಎಚ್ಚಾರ್

ಬಹಳ ವರ್ಷ ಎಚ್‌ಆರ್‌ನಲ್ಲಿದ್ದು ಈಗ ಮೈಸೂರಲ್ಲಿ ನೆಮ್ಮದಿಯಾಗಿದ್ದೇನೆ. ಇಂಥ ಟೆಸ್ಟ್‌ಗಳ ವರ್ಕ್‌ಶಾಪ್ ನಾನೇ ನಡೆಸಿದ್ದೇನೆ. ಅದನ್ನು ಹೊರತರುವ ಕಂಪನಿಯೇ ಹೇಳುವುದೇನೆಂದರೆ, ಯಾರನ್ನು ಕೆಲಸಕ್ಕೆ ತಗೊಳ್ಳಬೇಕು ಅಂತ ಆರಿಸಲು ಇದನ್ನು ಬಳಸಬಾರದು. ಬಡ್ತಿಗೂ ಅದೇ ಮಾತು ಸಲ್ಲುತ್ತದೆ ಅಂತ ನಾನು ಸೇರಿಸುತ್ತೇನೆ.

ಪ್ರಶ್ನೆಗೆ ನೇರ ಉತ್ತರ: ಹೌದು, ನೋಡಿದ್ದೇನೆ. ಚೆನ್ನಾಗಿ ಬಾಳಿದವರನ್ನೇ ನೋಡಿದ್ದೇನೆ. 2002ರಲ್ಲಿ ಟಿಮೊಥಿ ಜಡ್ಜ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಅಲ್ಲಿವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. ಬಹಿರ್ಮುಖತೆಗೂ ನಾಯಕತ್ವಕ್ಕೂ ಸಂಬಂಧ ಇದೆ ಅಂತ ಬಂತು. ಆದರೆ ಗಮನಿಸಿ. ನಾಯಕರಾಗಿ ಎದ್ದು ಕಾಣುವುದರ ಜೊತೆ ಆ ಸಂಬಂಧ ಜಾಸ್ತಿ. ನಾಯಕರಾಗಿ ಒಳ್ಳೆಯ ಕೆಲಸ ಮಾಡುವುದರ ಜೊತೆ ಅದಕ್ಕಿಂತ ಕಮ್ಮಿ. ಅಂದರೆ ಮಾತುಗಾರರಿಗೆ ಕುರ್ಚಿ ಬೇಗ ಸಿಗುತ್ತದೆ. ಕೂತ ಮೇಲೆ ಅವರ ಲಾಭ ಇಳಿಯುತ್ತದೆ. ನಿಮಗೆ ಕುರ್ಚಿ ಆಗಲೇ ಸಿಕ್ಕಿದೆ.

ಆದರೆ ಒಂದು ಜಾಗದಲ್ಲಿ ನಿಮ್ಮಂಥವರು ಸೋಲುವುದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಅದು ಕಂಪನಿಯವರೆಲ್ಲ ಸೇರುವ ಟೌನ್‌ಹಾಲ್ ಸಭೆ ಅಲ್ಲ, ಪಾರ್ಟಿಯೂ ಅಲ್ಲ. ಕ್ಯಾಲಿಬ್ರೇಶನ್ ರೂಮು. ಗೊತ್ತಿಲ್ಲದವರಿಗೆ: ವರ್ಷದ ಕೊನೆಯಲ್ಲಿ ಒಂದೇ ಹಂತದ ಮ್ಯಾನೇಜರ್‌ಗಳೆಲ್ಲ ಒಂದು ರೂಮಿನಲ್ಲಿ ಕೂತು ತಮ್ಮ ತಮ್ಮ ಜನರ ರೇಟಿಂಗ್ ಗಟ್ಟಿ ಮಾಡುತ್ತಾರೆ. ಮೇಲಿನ ರೇಟಿಂಗ್‌ಗೆ ಜಾಗ ಎರಡು, ಹೆಸರು ಐದು. ಬೆಲ್ ಕರ್ವ್ (ಇಷ್ಟೇ ಜನರಿಗೆ ಈ ರೇಟಿಂಗ್ ಅನ್ನುವ ಕಡ್ಡಾಯ ಲೆಕ್ಕ) ಕೈಬಿಟ್ಟೆವು ಅಂತ ಬಹಳ ಕಂಪನಿಗಳು ಹೇಳುತ್ತವೆ. ಮೈಕ್ರೋಸಾಫ್ಟ್ 2013ರಲ್ಲೇ ಅಂಥ ಪದ್ಧತಿ ಬಿಟ್ಟಿತು. ಹೆಸರು ಹೋಯಿತು, ರೂಮು ಎಷ್ಟೋ ಕಡೆ ಹಾಗೇ ಇದೆ.

ಆ ರೂಮಿನಲ್ಲಿ ಮಾತುಗಾರ ಮ್ಯಾನೇಜರ್ ಕಥೆ ಹೇಳುತ್ತಾನೆ. ‘ರಾತ್ರಿ ಎರಡು ಗಂಟೆಗೆ ಸರ್ವರ್ ಬಿತ್ತು, ನಮ್ಮ ಹುಡುಗ ಎದ್ದು ಕೂತ’ ಅಂತ ಶುರು ಮಾಡಿದರೆ ಎಲ್ಲರ ಕಣ್ಣೆದುರು ಆ ಹುಡುಗ ಬಂದು ನಿಲ್ಲುತ್ತಾನೆ. ಸುಮ್ಮನಿರುವ ಮ್ಯಾನೇಜರ್ ‘ಅವಳು ಈ ವರ್ಷ ತುಂಬಾ ಚೆನ್ನಾಗಿ ಮಾಡಿದ್ದಾಳೆ’ ಅಂದು ನಿಲ್ಲಿಸುತ್ತಾನೆ. ಸರ್ವರ್ ಬೀಳದ ಹಾಗೆ ನೋಡಿಕೊಂಡವಳೇ ಅವಳು. ಅದನ್ನು ಹೇಳುವವರು ಯಾರು? ಅವಳ ಇನ್‌ಕ್ರಿಮೆಂಟ್ ಅಲ್ಲೇ ಹೋಯಿತು. ನಿಮ್ಮ ಮೇಲಿನವರು ‘ವಿಸಿಬಿಲಿಟಿ’ ಅಂದಾಗ ನಿಮ್ಮ ಬಗ್ಗೆ ಅಂದುಕೊಳ್ಳಬೇಡಿ. ನಿಮ್ಮ ಹದಿನಾಲ್ಕು ಜನರ ಬಗ್ಗೆ ಅಂದುಕೊಳ್ಳಿ. ಆಗ ಬಾಯಿ ತಾನಾಗೇ ತೆರೆಯುತ್ತದೆ.

ರೆಸಾರ್ಟ್_ಬೇಡಪ್ಪ

ನಡುವೆ ಬಂದೆ, ಕ್ಷಮಿಸಿ. ಕನಕಪುರ ರಸ್ತೆಯ ರೆಸಾರ್ಟ್‌ನಲ್ಲಿ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಸಿ, ಕಣ್ಣು ಕಟ್ಟಿ, ಒಬ್ಬರ ಮೇಲೊಬ್ಬರು ಬೀಳುವ ‘ಟ್ರಸ್ಟ್’ ಆಟ ಆಡಿಸುತ್ತಾರಲ್ಲ. ಅದನ್ನು ಕಂಡುಹಿಡಿದವರು ಯಾವ ಟೈಪ್ ಅಂತ ಫಿಲ್ಟರ್ ಅವರು ಹೇಳಬಲ್ಲರಾ?

ಮಲ್ಲೇಶ್ವರದ_ಫಿಲ್ಟರ್

ಅದಕ್ಕೆ ಹದಿನಾರು ಬಗೆ ಸಾಲದು.

ಹಾಸನ_ಟು_ವೈಟ್‌ಫೀಲ್ಡ್

ನನ್ನ ಪ್ರಶ್ನೆ ಬೇರೆ. ಇಲ್ಲಿ ಅಂತರ್ಮುಖಿ ಅಂತ ಹೇಳಿಕೊಳ್ಳುವವರಲ್ಲಿ ಎಷ್ಟು ಜನ ನಿಜಕ್ಕೂ ಅಂತರ್ಮುಖಿಗಳು?

ನಾನು ಪಿಯುಸಿವರೆಗೆ ಕನ್ನಡ ಮೀಡಿಯಂ. ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ನನ್ನನ್ನು ‘ಕ್ವಾಯಟ್’ ಅಂದರು. ಟೆಸ್ಟ್‌ನಲ್ಲೂ ಐ ಬಂತು. ಆದರೆ ಊರಿಗೆ ಹೋದರೆ ಸಂತೆಯಲ್ಲಿ, ಮದುವೆ ಮನೆಯಲ್ಲಿ ನನ್ನ ಬಾಯಿ ನಿಲ್ಲುವುದಿಲ್ಲ. ಟೀಮ್‌ನಲ್ಲಿ ಕನ್ನಡದವರೇ ಇದ್ದ ದಿನ ಬೆಳಗಿನ ಚುಟುಕು ಸ್ಟ್ಯಾಂಡ್‌ಅಪ್ ಮೀಟಿಂಗ್ ಎಳೆದುಬಿಡುತ್ತೇನೆ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ದೆಹಲಿ ಕಡೆಯವನು ಮೂರು ಮಾತು ಆಡಿ ಮುಗಿಸಿರುತ್ತಾನೆ. ಪ್ರಶ್ನೆಗಳೂ ಹಾಗೇ ಇರುತ್ತವೆ, ‘ಗುಂಪಿನಲ್ಲಿ ನೀವು ಮೊದಲು ಮಾತಾಡುತ್ತೀರಾ’ ಅಂತ. ಯಾವ ಗುಂಪು? ಯಾವ ಭಾಷೆ?

ಕೆಂಗೇರಿಯವರೇ, ಬೇಜಾರು ಮಾಡ್ಕೋಬೇಡಿ, ನಿಮ್ಮದು ಇದೇ ಅಂತ ಹೇಳುತ್ತಿಲ್ಲ. ಆದರೆ ನಿಮ್ಮ ಟೀಮ್‌ನಲ್ಲಿ ಸುಮ್ಮನಿರುವ ಹುಡುಗರನ್ನು ನೋಡುವಾಗ ಇದು ನೆನಪಿರಲಿ. ಸ್ವಭಾವ ಅಂತ ಬಿಟ್ಟುಬಿಟ್ಟರೆ ಅವರು ಅಲ್ಲೇ ಉಳಿಯುತ್ತಾರೆ.

ಕೆಂಗೇರಿ_ಮೌನಿ

ಬೇಜಾರಿಲ್ಲ. ನಾನು ಮದುವೆ ಮನೆಯಲ್ಲೂ ಮೂಲೆ ಹುಡುಕುವವನೇ. ಆದರೆ ನನ್ನ ಟೀಮ್‌ನಲ್ಲಿ ಇಬ್ಬರು ಹುಡುಗರ ಬಗ್ಗೆ ಈಗ ಬೇರೆ ಥರ ಯೋಚಿಸುತ್ತಿದ್ದೇನೆ. ಅದರಲ್ಲಿ ಒಬ್ಬ ಚಾಟ್‌ನಲ್ಲಿ ಪುಟಗಟ್ಟಲೆ ಬರೆಯುತ್ತಾನೆ.

ಹುಬ್ಬಳ್ಳಿ_ಬ್ರಾಂಚ್

ಎಲ್ಲರೂ ಸಾಫ್ಟ್‌ವೇರ್ ಕಥೆನೇ ಹೇಳುತ್ತಿದ್ದೀರಿ. ನಾನು ಸರ್ಕಾರಿ ಬ್ಯಾಂಕಿನ ಬ್ರಾಂಚ್ ಮ್ಯಾನೇಜರ್. ನನ್ನದು ಐಎನ್‌ಟಿಜೆ (ನಿಮ್ಮ ಥರವೇ, ಆದರೆ ಮನಸ್ಸಿಗಿಂತ ತರ್ಕ ನೋಡಿ ತೀರ್ಮಾನ ಮಾಡುವವನು) ಅಂತ ಮಗಳು ಟೆಸ್ಟ್ ಮಾಡಿಸಿ ಹೇಳಿದಳು. ನಮ್ಮಲ್ಲಿ ಬಾಗಿಲು ಮುಚ್ಚಿಕೊಂಡು ಕೂರುವ ಪ್ರಶ್ನೆಯೇ ಇಲ್ಲ ನೋಡ್ರಿ. ಬೆಳಿಗ್ಗೆ ಹತ್ತಕ್ಕೆ ಕ್ಯಾಬಿನ್ ಎದುರು ಪಿಂಚಣಿ ಅಜ್ಜ, ಸಂಘದ ಹೆಣ್ಣುಮಕ್ಕಳು, ಪಾಸ್‌ಬುಕ್ ಪ್ರಿಂಟ್ ಆಗಿಲ್ಲ ಅಂತ ಬೈಯುವವರು. ಸಂಜೆ ಆದರೆ ವಲಯ ಕಚೇರಿಯ ವಿಡಿಯೊ ರಿವ್ಯೂ. ಆದರೂ ನಾನು ಇದರಲ್ಲಿ ಬಾಳಿದ್ದೇನೆ. ಯಾಕೆ ಅಂದರೆ ಪ್ರತಿಯೊಬ್ಬರ ಮಾತಿಗೂ ಒಂದು ವಿಷಯ ಇರುತ್ತದೆ. ವಿಷಯ ಮುಗಿದರೆ ಮಾತು ಮುಗಿಯಿತು. ಸುಮ್ನೆ ಹರಟೆಯ ಕಾಟ ಕಮ್ಮಿ.

ನಿಮ್ಮ ‘ವಾಸನೆ ಬೇಗ ಬರುತ್ತದೆ’ ಅನ್ನುವ ಮಾತಿಗೆ ಬಂದೆ. ಸಾಲ ಕೇಳಲು ಬಂದವರು ಎದುರು ಕೂತ ಐದು ನಿಮಿಷಕ್ಕೆ ನನಗೂ ಒಳಗೆ ಒಂದು ಅನ್ನಿಸುತ್ತದೆ. ಕಾಗದ ಪತ್ರ, ಸಿಬಿಲ್ ಸ್ಕೋರ್ ಎಲ್ಲಾ ಸರಿ ಇದ್ದರೂ ಬೇಡ ಅನ್ನಿಸುತ್ತದೆ. ಆದರೆ ಫೈಲಿನಲ್ಲಿ ‘ನನಗೆ ಹಾಗೆ ಅನ್ನಿಸಿತು’ ಅಂತ ಬರೆಯಲು ಬರುವುದಿಲ್ಲ. ಅದಕ್ಕೆ ನನ್ನನ್ನೇ ಕೇಳಿಕೊಳ್ಳುತ್ತೇನೆ: ಏನು ನೋಡಿ ಹಾಗೆ ಅನ್ನಿಸಿತು? ಹುಡುಕಿದರೆ ಸಾಮಾನ್ಯವಾಗಿ ಏನೋ ಸಿಗುತ್ತದೆ. ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ತೋರಿಸಿದ ಮಾಲಿಗೂ ಖಾತೆಯಲ್ಲಿ ಓಡಾಡಿದ ದುಡ್ಡಿಗೂ ತಾಳೆ ಇರುವುದಿಲ್ಲ. ಇಲ್ಲವೇ ವ್ಯಾಪಾರದ ಪ್ರಶ್ನೆ ಕೇಳಿದರೆ ಸಾಲ ಕೇಳುವವನು ಸುಮ್ಮನಿದ್ದು, ಪಕ್ಕದಲ್ಲಿ ಕೂತ ಭಾವಮೈದುನ ಉತ್ತರ ಕೊಡುತ್ತಿರುತ್ತಾನೆ. ಅದನ್ನು ಬರೆಯುತ್ತೇನೆ. ಏನೂ ಸಿಗದೇ ಹೋದರೆ ಸಾಲ ಕೊಡುತ್ತೇನೆ. ಮುಖ ನೋಡಿ ಇಲ್ಲ ಅನ್ನುವ ಹಕ್ಕು ನನಗಿಲ್ಲ.

ಮಲ್ಲೇಶ್ವರದ_ಫಿಲ್ಟರ್

ಹುಬ್ಬಳ್ಳಿ ಸಾಹೇಬರು ಹೇಳಿದ್ದು ಬಂಗಾರದ ಮಾತು. ಇದರ ಮೇಲೆ ಒಂದು ಒಳ್ಳೆಯ ಚರ್ಚೆ ನಡೆದಿದೆ.

ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞರು ಬೆಂಕಿ ಆರಿಸುವವರ ತೀರ್ಮಾನಗಳನ್ನು ಅಧ್ಯಯನ ಮಾಡಿದವರು. ಅವರು ದಾಖಲಿಸಿದ ಒಂದು ಪ್ರಸಂಗ ಬಹಳ ಪ್ರಸಿದ್ಧ. ಅಡುಗೆಮನೆಯ ಬೆಂಕಿ ಅಂದುಕೊಂಡು ಒಳಗೆ ಹೋದ ತಂಡ ನೀರು ಹಾಯಿಸುತ್ತದೆ. ಬೆಂಕಿ ಬಗ್ಗುವುದಿಲ್ಲ. ತಂಡದ ಮುಖ್ಯಸ್ಥನಿಗೆ ಏನೋ ಸರಿಯಿಲ್ಲ ಅನ್ನಿಸಿ ಎಲ್ಲರನ್ನೂ ಹೊರಗೆ ಎಳೆದುಕೊಂಡು ಬರುತ್ತಾನೆ. ಸ್ವಲ್ಪದರಲ್ಲೇ ನೆಲ ಕುಸಿಯುತ್ತದೆ. ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ. ಅವನು ಅದನ್ನು ಏನೋ ದಿವ್ಯಶಕ್ತಿ ಅಂದುಕೊಂಡಿದ್ದ. ಕೆದಕಿ ಕೇಳಿದಾಗ ಕಾರಣ ಸಿಕ್ಕಿತು. ಅಷ್ಟು ಸಣ್ಣ ಬೆಂಕಿಗೆ ಕೋಣೆ ಜಾಸ್ತಿ ಬಿಸಿ ಇತ್ತು. ಸದ್ದು ಮಾತ್ರ ಕಮ್ಮಿ ಇತ್ತು.

ಇಂಥ ಒಳಗಿನ ಅನಿಸಿಕೆಗಳನ್ನು ಅನುಮಾನದಿಂದ ನೋಡಿದವರು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್. 2009ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದರು. ಜಗಳ ಆಡಲು ಕೂತವರು ಹೆಚ್ಚುಕಡಿಮೆ ಒಪ್ಪಿಕೊಂಡು ಎದ್ದರು. ಒಳಗಿನ ಅನಿಸಿಕೆಯನ್ನು ನಂಬಲು ಎರಡು ಬೇಕು ಅಂದರು. ಸುತ್ತಲಿನ ಜಗತ್ತು ಒಂದು ಕ್ರಮದಲ್ಲಿ ನಡೆಯುತ್ತಿರಬೇಕು. ನಮ್ಮ ಊಹೆ ಸರಿಯಾಯಿತಾ ತಪ್ಪಾಯಿತಾ ಅಂತ ಮತ್ತೆ ಮತ್ತೆ ತಿಳಿಯುತ್ತಿರಬೇಕು. ‘ನನಗೆ ಖಾತ್ರಿಯಾಗಿ ಅನ್ನಿಸುತ್ತಿದೆ’ ಅನ್ನುವುದು ಮಾತ್ರ ಯಾವ ಸಾಕ್ಷಿಯೂ ಅಲ್ಲ.

ಕೆಂಗೇರಿಯವರೇ, ರಿಲೀಸ್ ತಡವಾಗುವ ಬಗ್ಗೆ ನಿಮ್ಮ ವಾಸನೆಯನ್ನು ನಂಬುತ್ತೇನೆ. ಎರಡು ವಾರಕ್ಕೊಮ್ಮೆ ಉತ್ತರ ಸಿಗುತ್ತಿರುತ್ತದೆ. ಯಾರನ್ನು ಕೆಲಸಕ್ಕೆ ತಗೊಳ್ಳಬೇಕು ಅನ್ನುವ ವಾಸನೆಯನ್ನು ನಂಬುವುದಿಲ್ಲ. ನೀವು ಬೇಡ ಅಂದವರು ಬೇರೆ ಕಡೆ ಹೇಗೆ ಬೆಳೆದರು ಅಂತ ನಿಮಗೆ ಯಾವತ್ತೂ ತಿಳಿಯುವುದಿಲ್ಲ.

ಹುಬ್ಬಳ್ಳಿ_ಬ್ರಾಂಚ್

ನಮ್ಮ ಕಷ್ಟವೂ ಅದೇ. ಕಂತು ಬಾಕಿ ಬಿದ್ದು 30 ದಿನದವರೆಗೆ ಎಸ್‌ಎಂಎ-0 (ಕಣ್ಣಿಡಬೇಕಾದ ಸಾಲ ಅನ್ನುವ ಗುರುತು), 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬೆಳೆ ಸಾಲಕ್ಕೆ ಇನ್ನೂ ಉದ್ದ, ಸುಗ್ಗಿಯ ಲೆಕ್ಕದಲ್ಲಿ ಹೋಗುತ್ತದೆ. ಸಾಲ ಕೆಡುವುದು ಶುರುವಾಗುವುದೇ ಕೊಟ್ಟ ಎರಡು ಮೂರು ವರ್ಷಕ್ಕೆ. ಅಷ್ಟರಲ್ಲಿ ನನಗೆ ವರ್ಗ. ನಾನು ಕೊಟ್ಟದ್ದು ಕೆಟ್ಟಿತೋ ಉಳಿಯಿತೋ ನನಗೆ ತಿಳಿಯುವುದಿಲ್ಲ, ವಸೂಲಿಗೆ ಓಡಾಡುವವರು ಮುಂದಿನವರು. ಅದಕ್ಕೇ ಹಳೆಯ ಬ್ರಾಂಚಿಗೆ ಆಗಾಗ ಫೋನ್ ಮಾಡಿ ‘ಆ ಹಾರ್ಡ್‌ವೇರ್ ಅಂಗಡಿಯವರು ಹೇಗಿದ್ದಾರೆ’ ಅಂತ ಕೇಳುತ್ತೇನೆ. ನಗುತ್ತಾರೆ. ನಗಲಿ.

ದೊಡ್ಡಬಳ್ಳಾಪುರ_ಲೈನ್

ಓದುತ್ತಾ ಬಂದೆ. ಒಂದು ಮಾತು ಖಾರವಾಗಿ ಹೇಳುತ್ತೇನೆ. ಅಂತರ್ಮುಖಿ ಅಂತ ಹೇಳಿಕೊಳ್ಳುವುದು ಎಸಿ ರೂಮಿನವರಿಗೆ ಸಿಗುವ ಸೌಕರ್ಯ.

ನಾನು ಗಾರ್ಮೆಂಟ್ಸ್‌ನಲ್ಲಿ ಫ್ಲೋರ್ ನೋಡಿಕೊಳ್ಳುವವಳು. ಒಂದೊಂದು ಲೈನಿನಲ್ಲೂ ಸಾಲು ಮೆಷಿನ್. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡ್ ಮೇಲೆ ಬರೆದಿರುತ್ತದೆ. ಕಾಲರ್ ಕೂರಿಸುವ ಕಡೆ ಒಂದು ಮೆಷಿನ್ ನಿಂತರೆ ಹಿಂದೆ ರಾಶಿ ಬೀಳುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ. ಈ ಕೆಲಸಕ್ಕೆ ಗಂಟಲು ಬೇಕು ಅಂತ ಎಲ್ಲರೂ ನಂಬಿದ್ದಾರೆ. ಕೂಗದ ಸೂಪರ್‌ವೈಸರ್ ಅಂದರೆ ಕೆಲಸ ಬಾರದವರು ಅಂತ ಲೆಕ್ಕ. ನನಗೆ ಕೂಗಲು ಬರುವುದಿಲ್ಲ. ಲೈನ್ ಉದ್ದಕ್ಕೂ ನಡೆಯುತ್ತೇನೆ, ನೋಡುತ್ತೇನೆ. ಯಾರ ಕೈ ನಿಧಾನ ಆಗಿದೆ, ಯಾರ ಮಗುವಿಗೆ ಜ್ವರ, ಯಾವ ಮೆಷಿನ್ನಿನ ಸದ್ದು ಬದಲಾಗಿದೆ ಅಂತ ಗೊತ್ತಾಗುತ್ತದೆ. ಬಗ್ಗಿ ಕಿವಿಯಲ್ಲಿ ಹೇಳುತ್ತೇನೆ.

ಇದೇ ಕೆಲಸ ಗಂಡಸು ಮಾಡಿದರೆ ‘ಗಂಭೀರ ಮನುಷ್ಯ’. ನಾನು ಮಾಡಿದರೆ ಮೊದಲು ‘ಮೆತ್ತಗಿನವಳು’, ಆಮೇಲೆ ‘ಜಂಬದವಳು’. ಒಳಗಣ್ಣು, ಟೈಪ್ ಅಂತೆಲ್ಲ ಮಾತಾಡುವಾಗ ಇದನ್ನೂ ಸೇರಿಸಿಕೊಳ್ಳಿ.

ಶಿರಸಿಯವಳು

ಇದಕ್ಕೆ ನೂರು ಲೈಕ್.

ಹಳೇ_ಎಚ್ಚಾರ್

ಖಾರ ಸರಿಯಾಗೇ ಇದೆ, ಒಪ್ಪಿದೆ. ಸೌಕರ್ಯ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ. ನೀವು ಮಾಡುತ್ತಿರುವುದೇ ಅಂತರ್ಮುಖಿಯ ಮ್ಯಾನೇಜ್‌ಮೆಂಟ್. ಹೆಸರು ಇಟ್ಟುಕೊಂಡಿಲ್ಲ ಅಷ್ಟೆ.

ಮಲ್ಲೇಶ್ವರದ_ಫಿಲ್ಟರ್

ಇಲ್ಲಿಗೆ ಸರಿಹೊಂದುವ ಅಧ್ಯಯನ ಒಂದಿದೆ. 2011ರಲ್ಲಿ ಮನಶ್ಶಾಸ್ತ್ರಜ್ಞ ಆ್ಯಡಮ್ ಗ್ರಾಂಟ್ ಮತ್ತು ಜೊತೆಗಾರರು ಅಮೆರಿಕದ ಒಂದು ಪಿಜ್ಜಾ ಸರಣಿಯ 57 ಅಂಗಡಿಗಳನ್ನು ನೋಡಿದರು. ಕೆಲಸದವರು ಹೇಳಿದ್ದಷ್ಟೇ ಮಾಡುವ ಕಡೆ ಬಹಿರ್ಮುಖಿ ಮ್ಯಾನೇಜರ್ ಇದ್ದರೆ ಲಾಭ ಜಾಸ್ತಿ. ಕೆಲಸದವರೇ ಮುಂದೆ ಬಂದು ‘ಹೀಗೆ ಮಾಡೋಣ’ ಅನ್ನುವ ಕಡೆ ಬಹಿರ್ಮುಖಿ ಮ್ಯಾನೇಜರ್ ಇದ್ದರೆ ಲಾಭ ಕಮ್ಮಿ. ಅಲ್ಲಿ ಕೇಳಿಸಿಕೊಳ್ಳುವವರು ಗೆದ್ದರು. ಒಂದೇ ಅಧ್ಯಯನದ ಮೇಲೆ ಜೀವನದ ತೀರ್ಮಾನ ಮಾಡಬೇಡಿ. ಆದರೆ ಪ್ರಶ್ನೆ ಬದಲಾಗುತ್ತದೆ. ನಿಮ್ಮ ಟೀಮ್ ಯಾವ ಥರದ್ದು?

ಕೆಂಗೇರಿ_ಮೌನಿ

ಅರ್ಧ ಅರ್ಧ. ಹಳಬರು ಆರೇಳು ಜನ, ಅವರ ಪಾಡಿಗೆ ಬಿಟ್ಟರೆ ಅದ್ಭುತ ಕೆಲಸ ಮಾಡುತ್ತಾರೆ. ಉಳಿದವರು ಕಾಲೇಜಿನಿಂದ ನೇರ ಬಂದವರು. ಬಿಟ್ಟರೆ ಟಿಕೆಟ್ (ಇಂಥದ್ದು ಸರಿಮಾಡಿ ಅನ್ನುವ ಕೆಲಸದ ಚೀಟಿ) ಬರುವವರೆಗೆ ಕಾಯುತ್ತಾರೆ.

ಬಿಡದಿ_ಬೈಪಾಸ್

ಹಾಗಿದ್ದರೆ ಹೊಸಬರಿಗೆ ದಿನಾ ನೀವೇ ಬೇಕಿಲ್ಲ. ಹಳಬರಲ್ಲಿ ಮಾತು ಇಷ್ಟಪಡುವ ಒಬ್ಬರಿಗೆ ಬೆಳಗಿನ ಸ್ಟ್ಯಾಂಡ್‌ಅಪ್ ಒಪ್ಪಿಸಿ. ಅವರಿಗೂ ಮುಂದಿನ ಮೆಟ್ಟಿಲಿಗೆ ಅಭ್ಯಾಸ ಆಗುತ್ತದೆ.

ದೊಡ್ಡ ಮೀಟಿಂಗ್‌ಗೆ ನನ್ನ ಸಲಹೆ. ನಾನು ವಾಹನ ಬಿಡಿಭಾಗದ ಕಾರ್ಖಾನೆಯಲ್ಲಿ ಜಪಾನಿನವರ ಜೊತೆ ಕೆಲಸ ಮಾಡಿದವನು. ಅವರಲ್ಲಿ ನೆಮವಾಶಿ ಅಂತ ಒಂದು ಪದ್ಧತಿ. ಮೀಟಿಂಗ್‌ಗೆ ಮುಂಚೆಯೇ ಸಂಬಂಧಪಟ್ಟ ಒಬ್ಬೊಬ್ಬರ ಹತ್ತಿರ ಹೋಗಿ ವಿಷಯ ಹೇಳಿ, ಅವರ ಆಕ್ಷೇಪ ಕೇಳಿ, ಪ್ಲಾನ್ ತಿದ್ದಿಕೊಂಡು ಬರುತ್ತಾರೆ. ಮೀಟಿಂಗ್‌ನಲ್ಲಿ ಉಳಿಯುವುದು ತಲೆ ಆಡಿಸುವುದು ಮಾತ್ರ. ಮೊದಮೊದಲು ನಮಗೆ ಇದು ಹಿಂಬಾಗಿಲ ರಾಜಕೀಯ ಅನ್ನಿಸುತ್ತಿತ್ತು. ಆಮೇಲೆ ನೋಡಿದರೆ, ಗುಂಪಿನಲ್ಲಿ ಬಾಯಿ ಬಿಡದ ನಮ್ಮ ಕ್ವಾಲಿಟಿ ವಿಭಾಗದವರ ಮಾತೆಲ್ಲ ಈ ಸುತ್ತಿನಲ್ಲಿ ಹೊರಗೆ ಬರುತ್ತಿತ್ತು. ಒಬ್ಬೊಬ್ಬರ ಜೊತೆ ಮಾತು ಇಷ್ಟ ಅಂದಿರಲ್ಲ, ಇದು ನಿಮಗೆ ಹೇಳಿ ಮಾಡಿಸಿದ್ದು.

ಹಾಸನ_ಟು_ವೈಟ್‌ಫೀಲ್ಡ್

ಬರೆದು ಗೆಲ್ಲುವ ದಾರಿಯೂ ಇದೆ. ಅಮೆಜಾನ್‌ನಲ್ಲಿ 2004ರಲ್ಲಿ ಅದರ ಸ್ಥಾಪಕ ಬೆಜೋಸ್ ಹಿರಿಯರ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆದು ಹಾಕಿದರು. ಬದಲಿಗೆ ಆರು ಪುಟದವರೆಗೆ ಗದ್ಯ. ಮೀಟಿಂಗ್ ಶುರುವಿನಲ್ಲಿ ಎಲ್ಲರೂ ಕೂತು ಸದ್ದಿಲ್ಲದೆ ಓದುತ್ತಾರೆ, ಆಮೇಲೆ ಚರ್ಚೆ. ನಮ್ಮ ಕಂಪನಿಯಲ್ಲಿ ಆರು ಪುಟ ಯಾರೂ ಓದುವುದಿಲ್ಲ ಬಿಡಿ. ಒಂದು ಪುಟ ಓದಿಸಬಹುದು. ನಾನು ಓದಿಸಿದ್ದೇನೆ. ಬರೆದದ್ದರ ಮೇಲೆ ಮಾತಾಡುವಾಗ ನನ್ನ ಇಂಗ್ಲಿಷ್ ಕೂಡ ತಡವರಿಸುವುದಿಲ್ಲ.

ರೆಸಾರ್ಟ್_ಬೇಡಪ್ಪ

ಇವೆಲ್ಲ ಸರಿ. ಆದರೆ ಸುಸ್ತಿನ ಮಾತು ಯಾರೂ ಆಡಲಿಲ್ಲ. ದಿನಾ ವೇಷ ಹಾಕಿಕೊಂಡು ಮಾತಾಡಿ ಮಾತಾಡಿ ಮನೆಗೆ ಬಂದರೆ ಹೆಂಡತಿ ಮಕ್ಕಳ ಜೊತೆ ಮಾತಿಗೆ ಏನೂ ಉಳಿದಿರುವುದಿಲ್ಲ. ಬೆಲೆ ತೆರುವವರು ಅವರು.

ಮಲ್ಲೇಶ್ವರದ_ಫಿಲ್ಟರ್

ಇದರಲ್ಲಿ ಸಂಶೋಧನೆ ಎರಡೂ ಕಡೆ ಮಾತಾಡುತ್ತದೆ. ಕೆನಡಾದ ಜಾನ್ ಝೆಲೆನ್ಸ್ಕಿ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದು: ಅಂತರ್ಮುಖಿಗಳು ಸ್ವಲ್ಪ ಹೊತ್ತು ಬಹಿರ್ಮುಖಿಗಳ ಹಾಗೆ ನಡೆದುಕೊಂಡರೆ ತಾವು ಮೊದಲೇ ಊಹಿಸಿದ್ದಕ್ಕಿಂತ ಖುಷಿಯಾಗಿರುತ್ತಾರೆ. ಹೋಗುವ ಮುಂಚಿನ ಸಂಕಟವೇ ಜಾಸ್ತಿ. ಇನ್ನೊಂದು ಕಡೆ ಬ್ರಯನ್ ಲಿಟಲ್ ಅನ್ನುವ ಪ್ರೊಫೆಸರ್. ಸ್ವತಃ ಅಂತರ್ಮುಖಿ, ಪಾಠ ಮಾಡಲು ನಿಂತರೆ ಜೋರು. ಮನಸ್ಸಿಗೆ ಹತ್ತಿರದ ಕೆಲಸಕ್ಕಾಗಿ ನಾವು ಸ್ವಭಾವ ಮೀರಿ ನಡೆಯಬಲ್ಲೆವು, ಆದರೆ ಆಮೇಲೆ ಸುಧಾರಿಸಿಕೊಳ್ಳಲು ಜಾಗ ಬೇಕು ಅನ್ನುತ್ತಾರೆ. ಉಪನ್ಯಾಸ ಮುಗಿದ ಮೇಲೆ ಜನರಿಂದ ತಪ್ಪಿಸಿಕೊಳ್ಳಲು ಅವರು ಶೌಚಾಲಯದಲ್ಲಿ ಅಡಗಿ ಕೂರುತ್ತಿದ್ದ ಕಥೆ ಅವರೇ ಹೇಳಿದ್ದು.

ದೊಡ್ಡಬಳ್ಳಾಪುರ_ಲೈನ್

ನಮ್ಮಲ್ಲಿ ಶೌಚಾಲಯಕ್ಕೆ ಹೋದರೂ ಎಷ್ಟು ನಿಮಿಷ ಅಂತ ಯಾರೋ ನೋಡುತ್ತಿರುತ್ತಾರೆ.

ಹುಬ್ಬಳ್ಳಿ_ಬ್ರಾಂಚ್

ನಾನು ಊಟದ ಹೊತ್ತಿನಲ್ಲಿ ಲಾಕರ್ ರೂಮಿನ ರಿಜಿಸ್ಟರ್ ತಪಾಸಣೆ ಇಟ್ಟುಕೊಂಡಿದ್ದೇನೆ. ಅಲ್ಲಿ ಫೋನಿನ ಸಿಗ್ನಲ್ ಬರುವುದಿಲ್ಲ. ಇದನ್ನು ಯಾರಿಗೂ ಹೇಳಬೇಡಿ.

ಕೆಂಗೇರಿ_ಮೌನಿ

ವಾಪಸ್ ಕೋಡ್ ಕಡೆಗೆ ಹೋಗುವ ವಿಷಯ? ನಮ್ಮಲ್ಲಿ ಸ್ಟಾಫ್ ಇಂಜಿನಿಯರ್, ಪ್ರಿನ್ಸಿಪಲ್ ಇಂಜಿನಿಯರ್ ಅನ್ನುವ ಹಿರಿಯ ತಾಂತ್ರಿಕ ಹುದ್ದೆಗಳಿವೆ. ಸಂಬಳದಲ್ಲಿ ವ್ಯತ್ಯಾಸ ಇಲ್ಲ.

ಹಳೇ_ಎಚ್ಚಾರ್

ಐಬಿಎಂನಂಥ ಕಂಪನಿಗಳು 1960ರ ದಶಕದಿಂದಲೂ ತಾಂತ್ರಿಕ ಜನರಿಗೆ ಬೇರೆ ಏಣಿ ಇಟ್ಟಿವೆ. ಹೋಗುವುದರಲ್ಲಿ ಅವಮಾನ ಏನೂ ಇಲ್ಲ. ಆದರೆ ಎರಡು ನೋಡಿಕೊಳ್ಳಿ. ಆ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ನಿಮ್ಮ ಕಂಪನಿಯ ಬೆಂಗಳೂರು ಆಫೀಸಿನಲ್ಲಿ ನಿಜವಾಗಿ ಎಷ್ಟು ಜನ ಕೂತಿದ್ದಾರೆ? ಪಾಲಿಸಿ ಕಾಗದದಲ್ಲಿ ಇದ್ದು ಒಬ್ಬರೂ ಇಲ್ಲದಿದ್ದರೆ ಅದು ಏಣಿಯಲ್ಲ. ಇನ್ನು ಪ್ರಿನ್ಸಿಪಲ್ ಇಂಜಿನಿಯರ್‌ಗೆ ಮಾತು ಕಮ್ಮಿ ಅಂತ ಅಂದುಕೊಂಡಿದ್ದರೆ ಮರೆತುಬಿಡಿ. ಕೈಕೆಳಗೆ ಯಾರೂ ಇಲ್ಲದೆ ಐದು ಟೀಮ್‌ಗಳನ್ನು ಒಪ್ಪಿಸಬೇಕು. ಮ್ಯಾನೇಜರ್‌ಗೆ ಕೊನೆಗೆ ‘ನಾನು ಹೇಳಿದೆ, ಮಾಡಿ’ ಅನ್ನುವ ಅಧಿಕಾರವಾದರೂ ಇದೆ.

ಈ ವರ್ಷದ ಅಪ್ರೈಸಲ್ ಮುಗಿಯುವವರೆಗೆ ಇರಿ ಅಂತ ನನ್ನ ಸಲಹೆ. ಕ್ಯಾಲಿಬ್ರೇಶನ್ ಯಾವಾಗ?

ಕೆಂಗೇರಿ_ಮೌನಿ

ಮುಂದಿನ ತಿಂಗಳ ಮೊದಲ ವಾರ. ಈ ಸಲ ಒಬ್ಬಳ ಹೆಸರು ಮೇಲಿನ ರೇಟಿಂಗ್‌ಗೆ ಹೋಗಲೇಬೇಕು. ಹಳೆಯ ಪೇಮೆಂಟ್ ಕೋಡನ್ನು ಸದ್ದಿಲ್ಲದೆ ಪೂರ್ತಿ ಬದಲಾಯಿಸಿದಳು. ಏನೂ ಕೆಡಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಏನು ಬರೆಯಲಿ?

ಹಳೇ_ಎಚ್ಚಾರ್

ಒಂದು ಪುಟ, ಅದಕ್ಕಿಂತ ಜಾಸ್ತಿ ಬೇಡ. ಆ ಕೋಡ್ ಹಿಂದಿನ ವರ್ಷ ಎಷ್ಟು ಸಲ ಕೈಕೊಟ್ಟಿತು, ಈ ವರ್ಷ ಎಷ್ಟು ಸಲ ಅಂತ ಮೊದಲ ಸಾಲಿನಲ್ಲೇ ಹಾಕಿ. ಆಮೇಲೆ ಅವಳು ತಗೊಂಡ ಒಂದು ಕಷ್ಟದ ತೀರ್ಮಾನ. ಬೇರೆ ಟೀಮ್‌ನವರು ಅವಳ ಬಗ್ಗೆ ಬರೆದ ಮೇಲ್ ಇದ್ದರೆ ಅದರ ಎರಡು ಸಾಲು. ‘ಕಷ್ಟಪಟ್ಟು ದುಡಿಯುತ್ತಾಳೆ’, ‘ಒಳ್ಳೆ ಹುಡುಗಿ’ ಎರಡನ್ನೂ ಬರೆಯಬೇಡಿ.

ಮೀಟಿಂಗ್‌ಗೆ ಎರಡು ಮೂರು ದಿನ ಮುಂಚೆ ಕಳಿಸಿ. ಅದೇ ರೂಮಿನಲ್ಲಿ ಕೂರುವ ಇಬ್ಬರು ಮ್ಯಾನೇಜರ್‌ಗಳ ಜೊತೆ ಒಂದೊಂದು ಕಾಫಿ ಕುಡಿಯಿರಿ, ಬಿಡದಿಯವರು ಹೇಳಿದ ಹಾಗೆ. ಅವರ ಪಟ್ಟಿಯಲ್ಲಿ ಯಾರಿದ್ದಾರೆ ಅಂತ ನೀವೂ ಕೇಳಿ, ಬರೀ ನಿಮ್ಮದೇ ಹೇಳಬೇಡಿ. ರೂಮಿನಲ್ಲಿ ಅವಳ ಹೆಸರು ಬಂದಾಗ ಮೊದಲ ವಾಕ್ಯ ನಿಮ್ಮದೇ ಆಗಿರಬೇಕು. ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ.

ಶಿರಸಿಯವಳು

ಅವಳಿಗೂ ಹೇಳಿ, ನಿಮ್ಮ ಪರವಾಗಿ ಇದನ್ನು ಬರೆದಿದ್ದೇನೆ ಅಂತ. ರೇಟಿಂಗ್ ಬರಲಿ ಬಿಡಲಿ. ನಮ್ಮ ಸಾಹೇಬರೂ ನನಗಾಗಿ ಬರೆದಿದ್ದರಂತೆ. ನನಗೆ ಗೊತ್ತಾಗಿದ್ದು ನಾನು ರಾಜೀನಾಮೆ ಕೊಟ್ಟ ಮೇಲೆ.

ಕೆಂಗೇರಿ_ಮೌನಿ

ಬರೆಯಲು ಕೂತಿದ್ದೇನೆ. ಎಷ್ಟು ಸಲ ಕೈಕೊಟ್ಟಿತು ಅನ್ನುವ ಲೆಕ್ಕ ಹಳೆಯ ಟಿಕೆಟ್‌ಗಳಲ್ಲಿದೆ, ತೆಗೆಯಬೇಕು. ಅವಳಿಗೆ ಸೋಮವಾರ ಹೇಳುತ್ತೇನೆ.